ಹದಿನೇಳನೆಯ ಪೆಟ್ಟಿಗೆ

ನಮ್ಮ ಮಾವನ ಪ್ರಕಾರ ಈ ಲೋಕದ ವಸ್ತುಗಳು ಎರಡೇ ಬಗೆ: ಪ್ಯಾಕ್ ಆದವು, ಇನ್ನೂ ಪ್ಯಾಕ್ ಆಗಬೇಕಾದವು. ಮನುಷ್ಯರಿಗೂ ಇದರಿಂದ ವಿನಾಯಿತಿ ಇಲ್ಲ. ಮದುವೆಯ ಊಟದ ಸಾಲು ನೋಡಿದರೆ ನಿಮಗೂ ನನಗೂ ಬಾಳೆ ಎಲೆ ಕಾಣುತ್ತದೆ, ಪಾಯಸ ಎಲ್ಲಿಯವರೆಗೆ ಬಂತು ಎಂಬುದು ಕಾಣುತ್ತದೆ. ಮಾವನಿಗೆ ಕಾಣುವುದು ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ವ್ಯರ್ಥವಾಗಿ ಹೋಗುತ್ತಿರುವ ಮೂರು ಇಂಚು ಜಾಗ. ಅವರ ಒಬ್ಬಳೇ ಮಗಳು ಸುಗುಣ ಹುಟ್ಟಿದಾಗ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನರ್ಸ್ ತಂದು ಕೈಗೆ ಕೊಟ್ಟಳಂತೆ. ತಂದೆಯಾದವರು ಹೇಳಿದ ಮೊದಲ ಮಾತು: "ಸುತ್ತಿದ್ದು ಯಾರು? ಮೂಲೆ ಸರಿಯಾಗಿ ಮಡಿಚಿಲ್ಲ." ಎಂಥ ಆಶೀರ್ವಾದ ನೋಡಿ!

ಮಾವ ಎಂದರೆ ಅಮ್ಮನ ತಮ್ಮ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಪ್ಯಾಕಿಂಗ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಅವರ ಕೈಯಿಂದ ಹೊರಟ ಪೆಟ್ಟಿಗೆಗಳು ಎಷ್ಟೋ ಸಮುದ್ರ ದಾಟಿವೆ. ಹೆಸರು ಹೇಳುವುದಿಲ್ಲ. ಹೇಳಿದರೂ ಅಪಾಯವೇನಿಲ್ಲ, ಅವರು ಇದನ್ನು ಓದುವ ಭಯವಿಲ್ಲ. ನಮ್ಮದು ಇಲ್ಲಿ ತಲೆತಲಾಂತರದಿಂದ ನೆಲೆಸಿದ ಮಗ್ಗದವರ ಮನೆ. ಬಾಗಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಎಲ್ಲರೂ ಆಡುತ್ತಾರೆ, ಓದಲು ಬರುವುದು ಕಾಲೇಜಿನ ದಿನಗಳಲ್ಲಿ ಹಟ ಹಿಡಿದು ಕಲಿತ ನನಗೊಬ್ಬಳಿಗೇ. ನನ್ನ ಧೈರ್ಯದ ಗುಟ್ಟು ಇಷ್ಟೇ.

ಇನ್ನೊಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ದಿನಚರಿ ಬರೆಯುವವಳು. ದಿನಚರಿ ಬರೆಯುವವರಿಗೆ ನೆನಪಿನ ಶಕ್ತಿ ಹೆಚ್ಚು ಎಂದು ಜನ ತಿಳಿದಿದ್ದಾರೆ. ತಮ್ಮ ನೆನಪನ್ನು ಅವರು ನಂಬುವುದಿಲ್ಲ, ಅದಕ್ಕೇ ಬರೆಯುತ್ತಾರೆ. ಆದ್ದರಿಂದ ಇಲ್ಲಿ ಬರುವ ಮಾತುಗಳಲ್ಲಿ ಕೆಲವು ಮಾವ ಆಡಿದ್ದು, ಕೆಲವು ಅವರು ಆಡಬಹುದಾಗಿದ್ದದ್ದು. ಬೇರ್ಪಡಿಸಲು ನೋಡಿದೆ, ಪೂರ್ತಿ ಆಗಲಿಲ್ಲ.

ನಿವೃತ್ತಿಯ ದಿನ ಕಂಪನಿಯವರು ಹಾಕಿದ ಶಾಲನ್ನು ಎಂಟು ಮಡಿಕೆ ಮಾಡಿ ಕಪಾಟಿನಲ್ಲಿಟ್ಟು ಮಾವ ಅತ್ತೆಯನ್ನು ಕೇಳಿದರಂತೆ, "ಇಷ್ಟು ವರ್ಷ ನಿನಗೆ ಅಂತ ಏನೂ ಮಾಡಿಲ್ಲ. ಏನು ಬೇಕು ಕೇಳು." ಬೇರೆಯವರಾಗಿದ್ದರೆ ಒಂದು ಜೊತೆ ಬಳೆ ಕೇಳುತ್ತಿದ್ದರು. ಅತ್ತೆ ಪಾತ್ರೆ ತೊಳೆಯುತ್ತಲೇ ಹೇಳಿದರು: "ನನ್ನ ತವರಿಗೆ ಹೊಳೆ ಮೇಲೆ ಹೋಗಬೇಕು. ಪರಿಸಲಲ್ಲಿ. ನೀವು ನನ್ನ ಪಕ್ಕ ಕೂತಿರಬೇಕು."

ಪರಿಸಲ್ ಎಂದರೆ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿಯ ಅಡಿಗೆ ಟಾರು ಬಳಿದಂತಿರುತ್ತದೆ. ಅತ್ತೆಯ ತವರು ಧಾರಾಪುರಂಗೆ ಈಚೆ, ಅಮರಾವತಿ ಹೊಳೆಯ ಆಚೆ ದಡದಲ್ಲಿರುವ ಊರು. ಮೂವತ್ತೆರಡು ವರ್ಷದ ಹಿಂದೆ, ಮದುವೆಯ ನಂತರ ಗಂಡ ಹೆಂಡತಿ ಮೊದಲ ಸಲ ಜೊತೆಯಾಗಿ ಹೆಣ್ಣಿನ ಮನೆಗೆ ಹೋಗುವ 'ಮರುವೀಡು' ಶಾಸ್ತ್ರಕ್ಕೆ ಇವರು ಹೊರಟರು. ಪರಿಸಲಲ್ಲಿ ಹೊಳೆ ದಾಟಿದರೆ ಹತ್ತು ನಿಮಿಷ. ಸೇತುವೆ ಸುತ್ತಿ ಬಸ್ಸಲ್ಲಿ ಹೋದರೆ ಅರ್ಧ ದಿನ. ಹೊಸ ಮದುಮಗಳು ಹತ್ತು ನಿಮಿಷದಲ್ಲಿ ಒಬ್ಬಳೇ ಆಚೆ ದಡ ಸೇರಿದಳು. ಆರತಿ ತಟ್ಟೆ ಹಿಡಿದು ನಿಂತವರು ಕೇಳಿದರು, "ಮಾಪ್ಳೆ ಎಲ್ಲಿ?" ಮಾಪ್ಳೆ, ಅಂದರೆ ಅಳಿಯಂದಿರು, ಸಂಜೆ ಬಸ್ಸಿಳಿದು ಬಂದರು. ಅಂದಿನಿಂದ ಆ ಊರಲ್ಲಿ ಅವರ ಹೆಸರು 'ಬಸ್ ಮಾಪ್ಳೆ'. ಅತ್ತೆಯ ಅಣ್ಣ ಈಗಲೂ ಫೋನಿನಲ್ಲಿ ಹಾಗೇ ಕರೆಯುತ್ತಾರೆ.

ಈ ವಿಷಯದಲ್ಲಿ ಮಾವನ ವಿವರಣೆಯೇ ಬೇರೆ. "ಹಿತ್ತಾಳೆ ಹಂಡೆ ಇತ್ತು, ಎರಡು ಕೊಡಪಾನ ಇತ್ತು. ಅದನ್ನೆಲ್ಲ ಪರಿಸಲಲ್ಲಿ ಹಾಕಿದ್ರೆ ಭಾರ ಒಂದು ಕಡೆ ಆಗ್ತಿತ್ತು. ಸಾಮಾನಿನ ಜೊತೆ ಯಾರಾದ್ರೂ ರಸ್ತೇಲಿ ಹೋಗಬೇಕಿತ್ತಲ್ಲ?"

ಈ 'ಸಾಮಾನಿನ ಜೊತೆ ಯಾರಾದರೂ' ಎಂಬ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅತ್ತೆ ಕೇಳಿದ ಮೇಲೆ ಇಲ್ಲ ಎನ್ನುವ ಹಾಗಿಲ್ಲ. ಮಾವ ಯೋಜನೆಗೆ ಕೂತರು. ಹತ್ತು ನಿಮಿಷದ ಹೊಳೆ ಅವರ ಕೈಯಲ್ಲಿ ಮೂರು ದಿನದ ಪ್ರಯಾಣವಾಯಿತು. ದೂರದ ಮೇಲಿನ ಊರಿನಲ್ಲಿ ಪರಿಸಲ್ ಹತ್ತುವುದು, ಮೊದಲ ರಾತ್ರಿ ಪರಿಚಯದವರ ತೆಂಗಿನ ತೋಪಿನಲ್ಲಿ ಡೇರೆ, ಎರಡನೆಯ ರಾತ್ರಿ ಹೊಳೆದಡದ ಗುಡಿಯ ಮಂಟಪ, ಮೂರನೆಯ ದಿನ ಅತ್ತೆಯ ತವರಿನ ಕಡವು, ಅಂದರೆ ಹರಿಗೋಲು ನಿಲ್ಲುವ ಜಾಗ. ಹೋಗುವವರು ಐದು ಜನ: ಮಾವ, ಅತ್ತೆ, ಸುಗುಣ, ಅಮ್ಮ, ನಾನು. ಹತ್ತು ನಿಮಿಷಕ್ಕೆ ಪ್ಯಾಕಿಂಗ್ ಬೇಕಾಗುವುದಿಲ್ಲ, ಮೂರು ದಿನಕ್ಕೆ ಬೇಕಾಗುತ್ತದೆ ಎಂಬ ಲೆಕ್ಕಾಚಾರ ಇದರಲ್ಲಿತ್ತೇ? ಆಗ ನನಗೆ ಹೊಳೆಯಲಿಲ್ಲ.

ಮೊದಲ ವರ್ಷ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ತುಂಬಿತು. ಮಾವ ಆಗ ಪೆಟ್ಟಿಗೆಯ ರಟ್ಟು ಮೂರು ಪದರದ್ದೋ ಐದು ಪದರದ್ದೋ ಎಂಬ ತೀರ್ಮಾನದಲ್ಲಿದ್ದರು. ತೀರ್ಮಾನ ಐದಕ್ಕೆ ಬಂತು. ಅಷ್ಟರಲ್ಲಿ ನೀರು ನಿಂತಿತು. ಅವರ ಅಣ್ಣ ಫೋನ್ ಮಾಡಿ, "ಏನಮ್ಮಾ, ಈ ಸಲಾನೂ ಬಸ್ಸೇನಾ?" ಎಂದು ನಕ್ಕರು. ಆಮೇಲೆ ನಗದೆ ಹೇಳಿದರು, "ಈಗ ಎಲ್ಲ ಕಡೆ ಸೇತುವೆ ಬಂತು, ಬೈಕು ಬಂತು. ಪರಿಸಲ್ ಹಾಕೋರು ಉಳಿದಿರೋದು ಮೂರು ಜನ. ಬರೋ ವರ್ಷ ಅವರೂ ಬಿಡ್ತಾರಂತೆ. ಬರೋದಾದ್ರೆ ಬೇಗ ಬನ್ನಿ." ಅತ್ತೆ ಫೋನ್ ಇಟ್ಟು ಬಹಳ ಹೊತ್ತು ಅಕ್ಕಿ ಆರಿಸಿದರು. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ಎರಡನೆಯ ವರ್ಷ ಮಾವ ಮುಂಚಿತವಾಗಿಯೇ ಶುರು ಮಾಡಿದರು. ತಿರುಪ್ಪೂರಿನ ಮನೆಯ ಹಾಲಿನಲ್ಲಿ ಹದಿನೇಳು ರಟ್ಟಿನ ಪೆಟ್ಟಿಗೆ ಎದ್ದು ನಿಂತವು. ಪ್ರತಿಯೊಂದರ ಮೇಲೂ ಬಿಳಿ ಚೀಟಿ: 1/17, 2/17, ಹೀಗೆ. ಕೆಳಗೆ ಒಟ್ಟು ತೂಕ, ನಿವ್ವಳ ತೂಕ, ತಲುಪಬೇಕಾದ ಜಾಗ. ತಲುಪಬೇಕಾದ ಜಾಗದಲ್ಲಿ ಅತ್ತೆಯ ಊರಿನ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಅದೊಂದು ದೂರದೇಶದ ಬಂದರೋ ಎಂಬಂತೆ ಬರೆದಿದ್ದರು.

"ಮೂರು ದಿನಕ್ಕೆ ಹದಿನೇಳು ಪೆಟ್ಟಿಗೇನಾ?" ಎಂದಳು ಅಮ್ಮ.

"ಅಕ್ಕಾ, ಕಮ್ಮಿ ಮಾಡಿ ಮಾಡಿ ಹದಿನೇಳಕ್ಕೆ ತಂದಿದೀನಿ."

"ಅಪ್ಪ ಅಮ್ಮ ನನ್ನ ಗಂಡನ ಮನೆಗೆ ಕಳಿಸಿದ್ದು ಒಂದು ಟ್ರಂಕಲ್ಲಿ."

"ಅದು ಪ್ಯಾಕಿಂಗ್ ಅಲ್ಲಕ್ಕಾ. ತುರುಕೋದು."

ಕಂಪನಿಯಲ್ಲಿ ಪೆಟ್ಟಿಗೆ ಹಡಗು ಹತ್ತುವ ಮೊದಲು ಅದನ್ನು ಬೇಕೆಂದೇ ಬೀಳಿಸಿ ನೋಡುವ ಪದ್ಧತಿ ಇದೆಯಂತೆ. ಒಂದು ಮೂಲೆ, ಮೂರು ಅಂಚು, ಆರು ಮುಖ. ಒಟ್ಟು ಹತ್ತು ಸಲ. ಸೊಂಟದೆತ್ತರದಿಂದ ಬೀಳಿಸಿದರೆ ಸಾಕು. ಮಾವ ಸಾಕು ಎನ್ನುವವರಲ್ಲ. ಅಮ್ಮನ ನಿಂಬೆ ಉಪ್ಪಿನಕಾಯಿಯ ಭರಣಿ ಇದ್ದ ಐದನೆಯ ಪೆಟ್ಟಿಗೆಯನ್ನು ಮಹಡಿ ಮೆಟ್ಟಿಲಿನ ನಡುವೆ ನಿಂತು ಹತ್ತು ಸಲ ಬೀಳಿಸಿದರು. ಪ್ರತಿ ಸಲವೂ ಅಮ್ಮ ಎದೆ ಹಿಡಿದುಕೊಂಡಳು. ಕೊನೆಗೆ ಪೆಟ್ಟಿಗೆ ಬಿಚ್ಚಿ ನೋಡಿದರೆ ಭರಣಿಗೆ ಒಂದು ಗೀರೂ ಇಲ್ಲ. ಮುರಿದದ್ದು ಕೆಳಗಿನ ಎರಡು ಮೆಟ್ಟಿಲಿನ ಟೈಲ್ಸ್.

"ಪೆಟ್ಟಿಗೆ ಪಾಸ್," ಎಂದರು ಮಾವ.

"ಮನೆ ಫೇಲ್," ಎಂದರು ಅತ್ತೆ, ಪೊರಕೆ ತರಲು ಹೋಗುತ್ತಾ.

ಆಮೇಲೆ ಬಂದದ್ದು ರೇಷಿಯೋ. ಬನಿಯನ್ ಪೆಟ್ಟಿಗೆಯಲ್ಲಿ ಒಂದೇ ಅಳತೆಯವನ್ನು ತುಂಬುವುದಿಲ್ಲವಂತೆ. ಸಣ್ಣದು, ನಡುವಿನದು, ದೊಡ್ಡದು ಎಲ್ಲವನ್ನೂ ಒಂದು ಲೆಕ್ಕದಲ್ಲಿ ಬೆರೆಸಿ ಇಡುತ್ತಾರೆ. ಯಾವ ಅಂಗಡಿಗೆ ಯಾವ ಪೆಟ್ಟಿಗೆ ಹೋದರೂ ಎಲ್ಲ ಅಳತೆಯೂ ಸಿಗಬೇಕು. ಮಾವ ಇದೇ ನ್ಯಾಯವನ್ನು ನಮ್ಮ ಪ್ರವಾಸಕ್ಕೂ ಅನ್ವಯಿಸಿದರು. ತಟ್ಟೆಗಳು ಒಂದು ಕಡೆ, ಬಟ್ಟೆಗಳು ಒಂದು ಕಡೆ ಇಡುವುದು ಅವರ ದೃಷ್ಟಿಯಲ್ಲಿ ಅನಾಗರಿಕತೆ. "ಒಂದು ಪೆಟ್ಟಿಗೆ ಮುಳುಗಿತು ಅಂತಿಟ್ಕೋ. ಅದರಲ್ಲೇ ಎಲ್ಲಾ ತಟ್ಟೆ ಇದ್ದರೆ? ಹಂಚಿ ಇಟ್ಟಿದ್ದರೆ ಒಂದು ತಟ್ಟೆ ಹೋಗ್ತದೆ, ಸಂಸಾರ ನಡೀತದೆ."

ಕೇಳಲು ಎಷ್ಟು ಚೆನ್ನಾಗಿದೆ! ಹೊರಡುವ ಹದಿನೈದು ದಿನ ಮೊದಲು ಟೆರೇಸಿನ ಮೇಲೆ ಒಂದು ಪೂರ್ವಾಭ್ಯಾಸವಾಯಿತು. ಡೇರೆ ಹಾಕಿ, ಕಾಫಿ ಮಾಡಿ ಕುಡಿಯಬೇಕು, ಅಷ್ಟೇ. ಡೇರೆ ಎರಡರಲ್ಲಿತ್ತು. ಒಲೆ ಮೂರರಲ್ಲಿತ್ತು, ಅದರ ಕಾಲುಗಳು ಹನ್ನೊಂದರಲ್ಲಿ. ಸಕ್ಕರೆ ಏಳರಲ್ಲಿ, ಕಾಫಿಪುಡಿ ಹದಿನಾಲ್ಕರಲ್ಲಿ. ಲೋಟ ಒಂದು, ನಾಲ್ಕು, ಆರು, ಎಂಟು, ಹನ್ನೆರಡರಲ್ಲಿ ಒಂದೊಂದು. ಬೆಂಕಿಪೊಟ್ಟಣ ಮಾತ್ರ ಬಿಚ್ಚಿದ ಎಲ್ಲ ಪೆಟ್ಟಿಗೆಯಲ್ಲೂ ಇತ್ತು, ಏಕೆಂದರೆ ಅದು ಅತ್ಯಗತ್ಯ. ಹತ್ತು ಪೆಟ್ಟಿಗೆ ಬಿಚ್ಚಿ, ಹತ್ತು ಪೆಟ್ಟಿಗೆ ಮತ್ತೆ ಟೇಪು ಹಾಕಿ ಮುಚ್ಚಿ, ನಾಲ್ಕು ಗಂಟೆಯ ಕಾಫಿ ಆರೂವರೆಗೆ ಸಿಕ್ಕಿತು. ಹಾಲು ಮರೆತುಹೋಗಿತ್ತು.

ಸುಗುಣ ಒಂದು ಬಟ್ಟೆ ಕಂಪನಿಯ ಆಫೀಸಿನಲ್ಲಿ ಆರ್ಡರುಗಳನ್ನು ನೋಡಿಕೊಳ್ಳುವವಳು. ಈ ಭಾಷೆಯಲ್ಲಿ ಅಪ್ಪನಿಗೆ ಉತ್ತರ ಕೊಡಬಲ್ಲವಳು ಅವಳೊಬ್ಬಳೇ. "ಅಪ್ಪಾ, ಇದು ಬೈಯರ್‌ಗೆ ತಲುಪೋದ್ರಲ್ಲಿ ಸೀಸನ್ ಮುಗಿದಿರ್ತದೆ."

"ಕ್ವಾಲಿಟಿ ಬೇಕಾ, ಸ್ಪೀಡ್ ಬೇಕಾ?"

"ಕಾಫಿ ಬೇಕು."

ಮೂರನೆಯದು ಸೂಜಿ. ಬನಿಯನ್ ಲೋಕದಲ್ಲಿ ಮುರಿದ ಸೂಜಿಗಿಂತ ದೊಡ್ಡ ಪಾಪವಿಲ್ಲ. ಒಂದು ಬಟ್ಟೆಯಲ್ಲಿ ಒಂದು ಸೂಜಿಯ ಚೂರು ಸಿಕ್ಕರೆ ಸರಕೆಲ್ಲ ವಾಪಸ್. ಆದ್ದರಿಂದ ನಮ್ಮ ಪ್ರಯಾಣದಲ್ಲೂ ಸೂಜಿ, ಪಿನ್ನು ನಿಷಿದ್ಧ. ಅಮ್ಮನೋ, ಬಳೆಯಲ್ಲಿ ಐದು ಪಿನ್ನು ತೂಗಾಡದಿದ್ದರೆ ಬಟ್ಟೆಯೇ ಉಟ್ಟಿಲ್ಲವೆಂಬಂತೆ ಸಂಕೋಚಪಡುವವಳು. ಮಾವ ಒಂದು ದಾರಕ್ಕೆ ಆಯಸ್ಕಾಂತ ಕಟ್ಟಿಕೊಂಡು ಬಂದು ಅಕ್ಕನ ಮುಂದೆ ತೂಗಿಸಿದರು.

"ಏನೋ ಇದು, ಮಾಟ ಮಾಡ್ತಿದೀಯಾ ನನಗೆ?"

"ಪಿನ್ ಕೊಡಕ್ಕಾ."

"ಸೀರೆ ಜಾರಿದ್ರೆ ನೀನು ಹಿಡ್ಕೋತೀಯಾ?"

ಐದು ಪಿನ್ನುಗಳನ್ನು ಕಿತ್ತುಕೊಂಡು ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಅಮ್ಮನ ಹೆಸರು ಬರೆದು, ಪ್ರಯಾಣದ ನಂತರ ಹಿಂತಿರುಗಿಸುವುದಾಗಿ ಸಹಿ ಹಾಕಿಕೊಟ್ಟರು. ಇದನ್ನು ನಾನು ಉತ್ಪ್ರೇಕ್ಷಿಸುತ್ತಿಲ್ಲ. ಆ ಚೀಲ ನನ್ನ ದಿನಚರಿಯ ಹಾಳೆಗಳ ನಡುವೆ ಇನ್ನೂ ಇದೆ.

ಯಾರು ಎಲ್ಲಿ ಕೂರಬೇಕು ಎಂಬ ನಕ್ಷೆಯನ್ನೂ ಗೋಡೆಗೆ ಅಂಟಿಸಿದ್ದರು. ಮೂರು ಪರಿಸಲ್, ಮೂರು ವೃತ್ತ. ಒಂದರಲ್ಲಿ ಅಮ್ಮ, ಸುಗುಣ. ಒಂದರಲ್ಲಿ ಅತ್ತೆ, ನಾನು. ಒಂದು ಪೂರ್ತಿ ಪೆಟ್ಟಿಗೆಗಳಿಗೆ. ವೃತ್ತಗಳ ಹೊರಗೆ ಒಂದು ಗೆರೆ, ಅದು ರಸ್ತೆ. ರಸ್ತೆಯ ಮೇಲೆ ಒಂದು ಚೌಕ. ಅದು ತುರ್ತಿಗೆಂದು ಗೊತ್ತುಮಾಡಿದ ಸಣ್ಣ ವ್ಯಾನು.

ಸುಗುಣ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಅಪ್ಪಾ, ನೀವು ಯಾವುದರಲ್ಲಿ?"

"ನಾನು ಮೇಲ್ವಿಚಾರಣೆ."

"ಅದು ಪರಿಸಲಿನ ಹೆಸರಾ?"

ಮಾವ ಟೇಪಿನ ತುದಿ ಹುಡುಕತೊಡಗಿದರು. ಅತ್ತೆ ಅಡುಗೆಮನೆಯಿಂದ ಬಂದರು. ಅವರು ಗಂಡನನ್ನು ಕರೆಯುವುದು ಕೊಂಗುನಾಡಿನ ತಮಿಳಿನಂತೆ 'ಏನುಂಗ' ಎಂದು. ಅದರಲ್ಲಿ ಎಷ್ಟು ಮರ್ಯಾದೆಯೋ ಅಷ್ಟೇ ಎಚ್ಚರಿಕೆಯೂ ಇರುತ್ತದೆ.

"ಏನುಂಗ, ನಾ ಕೇಳಿದ್ದು ಹೊಳೆ ಅಲ್ಲ. ಹೊಳೆ ನಾ ನೋಡದೇ ಇರೋದಾ? ನೀವು ಪಕ್ಕ ಕೂತ್ರೆ ಹೋಗೋಣ. ಇಲ್ಲಾಂದ್ರೆ ಪೆಟ್ಟಿಗೆ ಎಲ್ಲಾ ಬಿಚ್ಚಿಬಿಡಿ, ನನಗೆ ತಟ್ಟೆ ಬೇಕು."

ಮಾವ ಪೆನ್ನು ತೆಗೆದು ಅತ್ತೆಯ ವೃತ್ತದೊಳಗೆ ತಮ್ಮ ಹೆಸರು ಬರೆದರು. ಪೆನ್ಸಿಲಿನಲ್ಲಿ ಬರೆದರು ಎಂದು ಸುಗುಣ ಹೇಳುತ್ತಾಳೆ. ನಾನು ನೋಡಿದ್ದು ಪೆನ್ನೇ ಎಂದು ನನ್ನ ನೆನಪು. ಆದರೆ ಆ ಮನೆಯಲ್ಲಿ ಪೆನ್ಸಿಲೂ ಇತ್ತು.

ಪೊಂಗಲ್ ಕಳೆದ ಮರುವಾರ ನೀರು ಬಿಟ್ಟರು. ಹೊರಡುವ ಬೆಳಿಗ್ಗೆ ಒಂದೇ ಒಂದು ಜಗಳವಾಯಿತು. ಅತ್ತೆ ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ದಪ್ಪ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು.

"ಇದೇನು? ಇದಕ್ಕೆ ನಂಬರ್ ಇಲ್ಲ."

"ನನ್ನ ತಲೆದಿಂಬು."

"ತಲೆದಿಂಬು ಒಂಬತ್ತರಲ್ಲಿ ಇದೆ."

"ಅದು ನಿಮ್ಮ ಲೆಕ್ಕದ್ದು. ಇದು ನನ್ನದು."

ಮೂವತ್ತೆರಡು ವರ್ಷದ ಅನುಭವದಿಂದ ಮಾವನಿಗೆ ಯಾವ ದನಿಯ ಮೇಲೆ ವಾದ ನಡೆಯುವುದಿಲ್ಲ ಎಂಬುದು ಗೊತ್ತಿತ್ತು. ಗಂಟು ನಂಬರಿಲ್ಲದೆ ವ್ಯಾನು ಹತ್ತಿತು.

ಹೊಳೆಯ ದಡಕ್ಕೆ ತಲುಪಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಮೂರು ಪರಿಸಲುಗಳು ಮಗುಚಿದ ಆಮೆಗಳ ಹಾಗೆ ಮರಳಿನ ಮೇಲಿದ್ದವು. ಮೂವರು ಅಂಬಿಗರಲ್ಲಿ ಹಿರಿಯರು ಬೀಡಿ ಆರಿಸಿ ಬಂದು, ವ್ಯಾನಿನಿಂದ ಇಳಿಯುತ್ತಿದ್ದ ಪೆಟ್ಟಿಗೆಗಳನ್ನು ನೋಡುತ್ತ ನಿಂತರು. ಹತ್ತು ಇಳಿಯುವವರೆಗೆ ಸುಮ್ಮನಿದ್ದರು. ಆಮೇಲೆ ಬಹಳ ವಿನಯದಿಂದ ತಮಿಳಿನಲ್ಲಿ ಕೇಳಿದರು: "ಎಂದ ನಾಟ್ಟುಕ್ಕುಂಗ?" ಯಾವ ದೇಶಕ್ಕೆ ಸ್ವಾಮೀ?

ಮಾವ ಎಣಿಸುತ್ತಿದ್ದರು. ಒಂದು ಸಲ ಎಣಿಸಿದರು. ಇನ್ನೊಂದು ಸಲ, ಕೊನೆಯಿಂದ ಎಣಿಸಿದರು. ಮೂರನೆಯ ಸಲ ಪ್ರತಿ ಪೆಟ್ಟಿಗೆಯನ್ನೂ ಮುಟ್ಟಿ ಎಣಿಸಿದರು. ಆಮೇಲೆ ಎದ್ದು ನಿಂತು, ಮನೆಯಲ್ಲಿ ಸಾವಾದವರ ದನಿಯಲ್ಲಿ ಹೇಳಿದರು: "ಶಾರ್ಟ್."

ಹದಿನಾರೇ ಇದ್ದವು. ಹದಿನೇಳನೆಯದು ಇರಲಿಲ್ಲ.

ಈ ಮಾತಿನ ತೂಕ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಪ್ಯಾಕಿಂಗ್ ಮಾಸ್ಟರ್ ಒಬ್ಬನಿಗೆ ಒಂದು ಪೆಟ್ಟಿಗೆ ಕಡಿಮೆ ಬೀಳುವುದೆಂದರೆ ಪುರೋಹಿತನಿಗೆ ಮಂಟಪದಲ್ಲಿ ಮಂತ್ರ ಮರೆತಂತೆ. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗದ್ದು ಇವತ್ತು ಆಗಿತ್ತು. ನಮಗೆಲ್ಲ ಅಯ್ಯೋ ಅನ್ನಿಸಿತು. ಮಾವ ಮಾತ್ರ ಆಘಾತದಿಂದ ಬಹಳ ಬೇಗ ಚೇತರಿಸಿಕೊಂಡರು.

"ನೀವೆಲ್ಲ ಹೊರಡಿ, ತಡ ಮಾಡಬೇಡಿ. ನಾನು ವ್ಯಾನಲ್ಲಿ ತಿರುಪ್ಪೂರಿಗೆ ಹೋಗಿ ಅದನ್ನ ತಗೊಂಡು ರಸ್ತೇಲಿ ಬಂದು ತೋಪಲ್ಲಿ ಸೇರ್ಕೋತೀನಿ. ಸಾಮಾನಿನ ಜೊತೆ ಯಾರಾದ್ರೂ ಬೇಕಲ್ಲ?"

ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ.

ಸುಗುಣ ಪಟ್ಟಿ ತೆಗೆದು ಓದಿದಳು. "ಹದಿನೇಳು. ವೇಷ್ಟಿ ಎರಡು, ಅಂಗಿ ಎರಡು, ಟವಲ್ ಒಂದು, ಲೈಫ್ ಜಾಕೆಟ್ ಒಂದು." ತಲೆಯೆತ್ತಿದಳು. "ಎಲ್ಲಾ ನಿಮ್ಮದೇ. ನಮ್ಮದನ್ನೆಲ್ಲ ಹದಿನಾರು ಕಡೆ ಹಂಚಿ, ನಿಮ್ಮದು ಮಾತ್ರ ಒಂದೇ ಪೆಟ್ಟಿಗೇಲಿ ಇಟ್ಟಿದೀರಲ್ಲ ಅಪ್ಪಾ, ರೇಷಿಯೋ ಎಲ್ಲಿ ಹೋಯ್ತು?"

"ಅದು... ಜಾಗ ಸಾಲಲಿಲ್ಲ. ಈಗ ನೋಡು, ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು ಅಂತ ರೂಲ್ ಇದೆ. ನಾನೇ ಮುರಿದ್ರೆ ಹೇಗೆ?"

ಆ ರೂಲು ಮಾಡಿದವರು ಅವರೇ.

ಅಮ್ಮನಿಗೆ ಸಿಟ್ಟು ಬಂತು. ತಮ್ಮನ ಮೇಲಲ್ಲ, ಕಳ್ಳನ ಮೇಲೆ. "ರಾತ್ರಿ ವರಾಂಡದಲ್ಲಿ ಇಡಬೇಡ ಅಂದೆ. ಯಾವನೋ ಎತ್ಕೊಂಡು ಹೋಗಿದಾನೆ. ಇರಲಿ. ವಾಪಸ್ ಹೋಗ್ತಾ ಆನೈಮಲೈಗೆ ಹೋಗಿ ಮೆಣಸಿನಕಾಯಿ ಅರೆದು ಬರ್ತೀನಿ."

ಆನೈಮಲೈಯ ಮಾಸಾಣಿಯಮ್ಮ ನಮ್ಮ ಕಡೆಯವರಿಗೆ ಕೊನೆಯ ಕೋರ್ಟು. ಕಳವಾದವರು ಅಲ್ಲಿಗೆ ಹೋಗಿ ಕೆಂಪು ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಮೆತ್ತಿ ಬರುತ್ತಾರೆ. ಕದ್ದವನು ಎಲ್ಲೇ ಇರಲಿ, ಮೈ ಉರಿದು ತಾನೇ ಬಂದು ಒಪ್ಪಿಕೊಳ್ಳುತ್ತಾನೆ ಎಂದು ನಂಬಿಕೆ. ಅಮ್ಮ ಹಿಂದೊಮ್ಮೆ ಒಂದು ಹಿಡಿ ಮೆಣಸಿನಕಾಯಿಗೆ ಕಳೆದುಹೋದ ಓಲೆ ವಾಪಸ್ ತರಿಸಿದ್ದವಳು.

ಮಾವನ ಮುಖದ ಬಣ್ಣ ಹೋಯಿತು. "ಬೇಡಕ್ಕಾ. ಮೆಣಸಿನಕಾಯಿ ಎಲ್ಲಾ ಯಾಕೆ? ಪಾಪ, ಯಾರೋ ಏನೋ ಕಷ್ಟಕ್ಕೆ..."

"ಕಷ್ಟಕ್ಕೆ ನಿನ್ನ ಹಳೇ ವೇಷ್ಟಿ ಕದೀತಾನಾ? ಎರಡು ಹಿಡಿ ಅರೀತೀನಿ."

"ಅಕ್ಕಾ, ಕೈ ಮುಗೀತೀನಿ, ಬೇಡ."

ಅತ್ತೆ ಅಲ್ಲಿಯವರೆಗೂ ನೀರಿನ ಕಡೆ ಮುಖ ಮಾಡಿ ನಿಂತಿದ್ದರು. ಈಗ ತಿರುಗಿದರು. ಕಂಕುಳಿನ ಗಂಟನ್ನು ಮರಳಿನ ಮೇಲೆ ಇಟ್ಟು, ಹಳೆಯ ಸೀರೆಯ ಗಂಟು ಬಿಚ್ಚಿದರು. ಒಳಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್.

"ಇದೇನಾ ನೋಡಿ," ಎಂದರು. "ವೇಷ್ಟಿ ಎರಡೂ ನನ್ನ ಸೀರೆ ಜೊತೆ ನಾಲ್ಕರಲ್ಲಿದೆ. ಪೆಟ್ಟಿಗೆ ಮನೇಲೇ ಇದೆ. ಎಲ್ಲಿ ಅಂತ ಹೇಳಬೇಕಾ?"

ಮಾವನ ನೋಟ ನೀರಿಗೆ ಹೋಯಿತು, ವ್ಯಾನಿಗೆ ಹೋಯಿತು, ಮತ್ತೆ ನೀರಿಗೆ ಬಂತು. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಅಂಬಿಗರಿಗೆ ಕನ್ನಡ ಬರುವುದಿಲ್ಲ, ಆದರೂ ಅವರು ಸಭ್ಯರ ಹಾಗೆ ಬೇರೆ ಕಡೆ ನೋಡಿದರು.

ಅತ್ತೆ ಜಾಕೆಟ್ಟನ್ನು ಮಾವನ ಮೈಗೆ ಹಾಕಿ ಪಟ್ಟಿ ಕಟ್ಟಿದರು, ಶಾಲೆಗೆ ಕಳಿಸುವ ಮಗುವಿಗೆ ಅಂಗಿ ತೊಡಿಸುವ ಹಾಗೆ. ಆಮೇಲೆ ಅವರದೇ ಜೇಬಿಗೆ ಕೈಹಾಕಿ, ಮಾವ ಉಸಿರಿನಷ್ಟೇ ನಿಷ್ಠೆಯಿಂದ ಜೊತೆಗಿಟ್ಟುಕೊಳ್ಳುವ ಚೀಟಿಯ ಸುರುಳಿ ಮತ್ತು ಮಾರ್ಕರ್ ತೆಗೆದರು. ಒಂದು ಚೀಟಿಯ ಮೇಲೆ ನಿಧಾನವಾಗಿ ಬರೆದರು: 17/17. ಕೆಳಗೆ ಒಟ್ಟು ತೂಕ ಎಪ್ಪತ್ತೆಂಟು. ನಿವ್ವಳ ತೂಕದ ಜಾಗವನ್ನು ಸ್ವಲ್ಪ ಯೋಚಿಸಿ ಖಾಲಿ ಬಿಟ್ಟರು. ಚೀಟಿಯನ್ನು ಮಾವನ ಎದೆಗೆ ಒತ್ತಿದರು. ಜಾಕೆಟ್ಟಿನ ಬಟ್ಟೆಗೆ ಅದು ಅಂಟಲಿಲ್ಲ, ಕಳಚಿ ಬಿತ್ತು.

ಆಗ ಅಮ್ಮ ತುರುಬಿಗೆ ಕೈಹಾಕಿ ಒಂದು ಪಿನ್ನು ತೆಗೆದುಕೊಟ್ಟಳು.

"ಅಕ್ಕಾ! ಇದು ಎಲ್ಲಿತ್ತು?"

"ನಿನ್ನ ಆಯಸ್ಕಾಂತಕ್ಕೆ ಎಟುಕದ ಕಡೆ."

ಅತ್ತೆ ಚೀಟಿಯನ್ನು ಪಿನ್ನು ಹಾಕಿ ಸಿಕ್ಕಿಸಿದರು. "ಈಗ ಲೆಕ್ಕ ಸರಿಯಾಯ್ತಲ್ಲ? ಶಾರ್ಟ್ ಇಲ್ಲ. ಹತ್ತಿ."

ಮಾವ ಹತ್ತಿದರು. ಹೇಗೆ ಹತ್ತಿದರು ಎಂದು ಬರೆದರೆ ನೀವು ನಗುತ್ತೀರಿ. ಒಂದು ಕಾಲಿಟ್ಟಾಗ ಪರಿಸಲ್ ತಿರುಗಿತು, ಇನ್ನೊಂದು ಕಾಲು ಮರಳಿನ ಮೇಲಿತ್ತು, ಅಂಬಿಗರು ಇಬ್ಬರು ಹಿಡಿದರು, ಅಷ್ಟು ಸಾಕು. ನಡುವೆ ಕೂತು ಕಣ್ಣು ಮುಚ್ಚಿದರು. ಪರಿಸಲ್ ನೀರಿಗೆ ಜಾರಿದ ಕೂಡಲೇ ಅವರಿಂದ ಹೊರಟ ಮೊದಲ ಮಾತು: "ಎಷ್ಟು ಪೆಟ್ಟಿಗೆ ಇದೆ?"

"ಹದಿನೇಳು," ಎಂದರು ಅತ್ತೆ.

"ಎಣಿಸಿದ್ಯಾ?"

"ಎಣಿಸಿದೆ."

ನಿಮ್ಮಲ್ಲಿ ಕೆಲವರು ಮಾವ ಆ ಮೂರು ದಿನದಲ್ಲಿ ನೀರಿಗೆ ಒಗ್ಗಿ ಹಾಡು ಹೇಳಿದರು ಎಂದು ನಿರೀಕ್ಷಿಸುತ್ತಿರಬಹುದು. ಹಾಗೇನೂ ಆಗಲಿಲ್ಲ. ಅವರು ಮೂರು ದಿನವೂ ಹೆದರಿದ್ದರು. ಹೊಳೆಗೆ ಅಡ್ಡಲಾಗಿ ಅಲ್ಲಲ್ಲಿ ತಡೆಗೋಡೆ ಕಟ್ಟಿದ್ದಾರೆ. ಅಲ್ಲಿ ಪರಿಸಲ್ ಇಳಿದು, ಸಾಮಾನು ಹೊತ್ತು ಆಚೆ ಸಾಗಿಸಿ, ಮತ್ತೆ ಹತ್ತಬೇಕು. ಮೊದಲ ಗೋಡೆಯ ಬಳಿ ಹದಿನಾರು ಪೆಟ್ಟಿಗೆ ಹೊತ್ತ ಮೇಲೆ ಅಂಬಿಗರು ಮರಳಿನ ಮೇಲೆ ಕೂತುಬಿಟ್ಟರು. ಪೆಟ್ಟಿಗೆಗಳು ಇರಬೇಕು, ಇಲ್ಲವೇ ತಾವು ಇರಬೇಕು ಎಂಬುದು ಅವರ ನಿಲುವು. ಅತ್ತೆ ವ್ಯಾನಿನವನಿಗೆ ಫೋನ್ ಮಾಡಿಸಿದರು. ಹದಿನಾರು ಪೆಟ್ಟಿಗೆಗಳೂ ರಸ್ತೆಯಲ್ಲಿ ಹೊರಟವು. ರಾತ್ರಿಯ ತಂಗುದಾಣದಲ್ಲಿ ನಮಗಾಗಿ ಕಾಯುತ್ತಿದ್ದವು, ಬೆಳಿಗ್ಗೆ ಮತ್ತೆ ರಸ್ತೆ ಹಿಡಿಯುತ್ತಿದ್ದವು. ಅವುಗಳ ಜೊತೆ ಯಾರೂ ಹೋಗಲಿಲ್ಲ. ಒಂದೂ ಕಳೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹೊಳೆ ಅಗಲವಾಯಿತು. ಎರಡು ದಡದಲ್ಲೂ ತೆಂಗು. ಮುಂದಿನ ತಿರುವು ದಾಟಿದರೆ ಅತ್ತೆಯ ಊರಿನ ಕಡವು. ಮಾವ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಪರಿಸಲಿನ ಅಂಚು, ಇನ್ನೊಂದರಲ್ಲಿ ಅತ್ತೆಯ ಸೆರಗಿನ ತುದಿ ಹಿಡಿದು ಕೂತಿದ್ದರು. ನಿದ್ದೆ ಬಂದಿತ್ತೋ ಏನೋ. ಅತ್ತೆ ನನ್ನ ಕಡೆ ಬಾಗಿ, ಅಂಬಿಗರ ಹುಟ್ಟಿನ ಸದ್ದಿನ ಅಡಿಯಲ್ಲಿ ಹೇಳಿದರು.

"ಪೆಟ್ಟಿಗೇನ ಮಂಚದ ಕೆಳಗೆ ತಳ್ಳಿದ್ರು. ನಾ ನೋಡಿದೆ. ಬಿಚ್ಚಿ ನೋಡಿದ್ರೆ ಈ ಜಾಕೆಟ್. ಮಿಕ್ಕ ನಾಲ್ಕು ಜಾಕೆಟ್ ಪಟ್ಟಿ ಹೊಸದು, ಗಡುಸಾಗಿ ನಿಂತಿದೆ. ಇದರದ್ದು ಮುಟ್ಟಿ ನೋಡು."

ಮುಟ್ಟಿ ನೋಡಿದೆ. ಪಟ್ಟಿ ಹಳೆಯ ರಿಬ್ಬನ್ನಿನ ಹಾಗೆ ಮೆತ್ತಗಿತ್ತು. ಕೊಂಡಿ ಕೂರುವ ಕಡೆ ಬಣ್ಣವೇ ಮಾಸಿತ್ತು.

"ನಾನು ಸಂಜೆ ಗುಡಿಗೆ ಹೋಗಿ ಬರೋದ್ರೊಳಗೆ ದಿನಾ ಹಾಕಿ ಹಾಕಿ ತೆಗ್ದಿದಾರೆ," ಎಂದರು ಅತ್ತೆ. "ಒಂದೂವರೆ ವರ್ಷ."

ನಾನು ಮಾವನ ಬಗ್ಗೆ ಬರೆದಿಟ್ಟಿದ್ದ ತಮಾಷೆಗಳೆಲ್ಲ ಚೀಲದಲ್ಲಿದ್ದ ದಿನಚರಿಯಲ್ಲಿದ್ದವು. ಅವುಗಳಲ್ಲಿ ಒಂದರಲ್ಲೂ ಈ ಸಂಜೆಗಳು ಇರಲಿಲ್ಲ.

"ಅವತ್ತೂ ಅಷ್ಟೇ," ಎಂದರು ಅತ್ತೆ. "ಮರುವೀಡಿನ ದಿನ. ಬಸ್ಸಿಗೆ ಹೋಗೋಕೆ ಮೊದಲು ಮೂರು ಸಲ ನೀರಿನ ತನಕ ಬಂದ್ರು. ಚಪ್ಪಲಿ ಬಿಡೋರು, ಮತ್ತೆ ಹಾಕ್ಕೊಳ್ಳೋರು. ನಾ ಪರಿಸಲಿಂದ ನೋಡ್ತಿದ್ದೆ. ನಮ್ಮಣ್ಣನಿಗೆ ಅದು ಗೊತ್ತಿಲ್ಲ. ಬಸ್ಸು ಮಾತ್ರ ಗೊತ್ತು."

ಮೂರು ಸಲ ಎಂದರೋ ನಾಲ್ಕು ಎಂದರೋ, ದಿನಚರಿಯಲ್ಲಿ ಬರೆದಿಲ್ಲ. ಅಂದು ಏನನ್ನೂ ಬರೆಯಲಿಲ್ಲ.

ತಿರುವು ದಾಟಿತು. ಕಡವಿನಲ್ಲಿ ಬಿಳಿ ವೇಷ್ಟಿಯ ವಯಸ್ಸಾದವರೊಬ್ಬರು ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದರು, ಅತ್ತೆಯ ಅಣ್ಣ. ಪಕ್ಕದಲ್ಲಿ ಯಾರೋ ಆರತಿ ತಟ್ಟೆ ಹಿಡಿದಿದ್ದರು. ಮೇಲೆ ರಸ್ತೆಯಲ್ಲಿ ನಮ್ಮ ವ್ಯಾನು ಆಗಲೇ ಬಂದು ನಿಂತಿತ್ತು.

ಪರಿಸಲ್ ಸ್ವಲ್ಪ ವಾಲಿತು. ಮಾವ ಕಣ್ಣು ತೆರೆಯದೆ ಕೇಳಿದರು, "ಎಷ್ಟು ಪೆಟ್ಟಿಗೆ ಇದೆ?"

ಅತ್ತೆ ಅವರ ಎದೆಯ ಮೇಲಿನ, ನೀರು ಸಿಡಿದು ಅಕ್ಷರ ಹರಡಿದ್ದ ಚೀಟಿಯನ್ನು ನೆಟ್ಟಗೆ ಮಾಡಿದರು.

"ಒಂದೇ."

"ಮಿಕ್ಕಿದ್ದು?"

"ರಸ್ತೇಲಿ ಬಂತು. ನೀವು ಅಲ್ಲಾಡಬೇಡಿ."